ಯುದ್ಧ ಯಾಕಾಗುತ್ತದೆ, ಲೋಕ ಯಾರ ಕೈಗೆ ಹೋಗುತ್ತಿದೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಿಗ್ರಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿಗೆ ನುಗ್ಗಿದ ಮೇಲೆ ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಕೂಡ ಜನ ನನ್ನನ್ನು ಹಿಡಿದು ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಪ್ರತಿ ಸಲ ಅರ್ಧ ಹೇಳಿ ಬಿಡುವಂತಾಗುತ್ತಿತ್ತು. ಅದಕ್ಕೇ ಒಮ್ಮೆ ಕೂತು ಬರೆದಿದ್ದೇನೆ.

ಒಂದೇ ಮಾತಿನಲ್ಲಿ ಹೇಳಿ, ಉಕ್ರೇನ್ ಯುದ್ಧದ ತಪ್ಪು ಯಾರದು?

ನುಗ್ಗಿದವರದು. ಇನ್ನೊಂದು ದೇಶದ ನೆಲದ ಮೇಲೆ ಬಲ ಪ್ರಯೋಗಿಸುವಂತಿಲ್ಲ ಎಂದು ವಿಶ್ವಸಂಸ್ಥೆಯ ಸನ್ನದಿನಲ್ಲೇ ಇದೆ. 2022ರ ಮಾರ್ಚ್ 2ರಂದು ಮಹಾಸಭೆಯಲ್ಲಿ 141 ದೇಶಗಳು ರಷ್ಯಾದ ವಿರುದ್ಧ ಮತ ಹಾಕಿದವು. 5 ದೇಶಗಳು ರಷ್ಯಾದ ಕಡೆ ನಿಂತವು. 35 ದೇಶಗಳು ಯಾವ ಕಡೆಗೂ ಕೈ ಎತ್ತಲಿಲ್ಲ. ಆ 35ರಲ್ಲಿ ನಾವೂ ಇದ್ದೆವು.

ಆದರೆ ವಿದ್ವಾಂಸರು ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಬೇರೆ ಪ್ರಶ್ನೆಗೆ. ತಪ್ಪು ಯಾರದು ಅನ್ನುವುದು ಒಂದು, ಕಾರಣ ಏನು ಅನ್ನುವುದು ಇನ್ನೊಂದು. ಚಿಲಕ ಹಾಕದೆ ಮಲಗಿದ ಮನೆಗೆ ಕಳ್ಳ ನುಗ್ಗಿದರೆ ತಪ್ಪು ಕಳ್ಳನದೇ. ಆದರೂ ಬೆಳಿಗ್ಗೆ ಮನೆಯವರು 'ಚಿಲಕ ಯಾಕೆ ಹಾಕಲಿಲ್ಲ' ಅಂತ ಕೇಳದೆ ಬಿಡುವುದಿಲ್ಲ, ಅಲ್ವಾ? ಟಿವಿ ಚರ್ಚೆಯಲ್ಲಿ ಈ ಎರಡನ್ನೂ ಕಲಸಿಬಿಡುತ್ತಾರೆ. ಕಾರಣ ಹೇಳಿದವನನ್ನು ರಷ್ಯಾದ ವಕೀಲ ಅನ್ನುತ್ತಾರೆ. ತಪ್ಪು ತೋರಿಸಿದವನನ್ನು ಅಮೆರಿಕದ ಭಕ್ತ ಅನ್ನುತ್ತಾರೆ. ಯಾವ ವಿದ್ವಾಂಸ ಏನೇ ಹೇಳಲಿ, ಅವರು ಉತ್ತರ ಕೊಡುತ್ತಿರುವುದು ಯಾವ ಪ್ರಶ್ನೆಗೆ ಅಂತ ನಾನು ಮೊದಲು ನೋಡುತ್ತೇನೆ.

ಕಾರಣವನ್ನು ಎಲ್ಲಿ ಹುಡುಕುತ್ತಾರೆ?

ಮೂರು ಕಡೆ. ಈ ಲೆಕ್ಕ ಅಮೆರಿಕದ ಕೆನೆತ್ ವಾಲ್ಟ್ಜ್ ಎಂಬ ವಿದ್ವಾಂಸರದು, 1959ರದು. ಮೊದಲನೆಯದು ಮನುಷ್ಯ: ಪುಟಿನ್ ಎಂಬ ಒಬ್ಬ ವ್ಯಕ್ತಿ, ಅವರ ಸ್ವಭಾವ, ಅವರ ಹಟ. ಎರಡನೆಯದು ದೇಶದ ಒಳಗಿನ ವ್ಯವಸ್ಥೆ: ಎದುರು ಮಾತಾಡುವವರಿಲ್ಲದ ಸರ್ಕಾರ. ಮೂರನೆಯದು ದೇಶಗಳ ನಡುವಿನ ವ್ಯವಸ್ಥೆ: ಎಲ್ಲರ ಮೇಲೆ ಒಬ್ಬ ಯಜಮಾನ ಇಲ್ಲದ ಜಗತ್ತು. ಮನೆಗೆ ಕಳ್ಳ ಬಂದರೆ ನೀವು ಸ್ಟೇಷನ್ನಿಗೆ ಹೋಗಬಹುದು. ದೇಶಕ್ಕೆ ಬಂದರೆ ಹೋಗಲು ಸ್ಟೇಷನ್ ಇಲ್ಲ.

ಒಂದು ಸಂಗತಿ ನೋಡಿ. 2022ರ ಫೆಬ್ರವರಿ 25ರಂದು ದಾಳಿಯನ್ನು ಖಂಡಿಸುವ ನಿರ್ಣಯ ಭದ್ರತಾ ಮಂಡಳಿಗೆ ಬಂತು. 11 ದೇಶ ಪರವಾಗಿದ್ದವು. ರಷ್ಯಾ ವೀಟೊ ಹಾಕಿತು, ನಿರ್ಣಯ ಬಿದ್ದುಹೋಯಿತು. ಆ ತಿಂಗಳು ಮಂಡಳಿಯ ಅಧ್ಯಕ್ಷ ಸ್ಥಾನ ಯಾರದಿತ್ತು ಗೊತ್ತಾ? ರಷ್ಯಾದ್ದೇ. ಸರದಿ ಪ್ರಕಾರ ಬಂದಿತ್ತು. ಆರೋಪಿಯೇ ಪಂಚಾಯ್ತಿಯ ಯಜಮಾನ.

ರಿಯಲಿಸ್ಟ್ ಅಂದರೆ ಯಾರು? ಯಾವಾಗಲೂ ಅವರ ಹೆಸರೇ ಕೇಳಿಬರುತ್ತದೆ.

ಆ ಮೂರನೇ ಕಾರಣವನ್ನೇ ದೊಡ್ಡದು ಅನ್ನುವವರು. ಕನ್ನಡದಲ್ಲಿ ವಾಸ್ತವವಾದಿಗಳು ಅನ್ನುತ್ತೇವೆ. ಮೇಲೆ ಯಜಮಾನ ಇಲ್ಲದಿದ್ದರೆ ಪ್ರತಿ ದೇಶವೂ ತನ್ನ ಜೀವ ತಾನೇ ಕಾಯ್ದುಕೊಳ್ಳಬೇಕು, ಒಳ್ಳೆಯವರು ಕೆಟ್ಟವರು ಅನ್ನುವುದೆಲ್ಲ ಆಮೇಲೆ, ಅನ್ನುವುದು ಅವರ ವಾದ. ಪಕ್ಕದ ಮನೆಯವನು ಕಳ್ಳರ ಭಯಕ್ಕೆ ದೊಡ್ಡ ನಾಯಿ ತರುತ್ತಾನೆ. ಆ ನಾಯಿ ಕಂಡು ನನಗೆ ಭಯ, ನಾನು ಎರಡು ತರುತ್ತೇನೆ. ಇಬ್ಬರಿಗೂ ಕಚ್ಚಿಸುವ ಯೋಚನೆ ಇರಲಿಲ್ಲ. ಆದರೂ ಬೀದಿಯಲ್ಲಿ ಈಗ ಮೂರು ನಾಯಿ. ಇದಕ್ಕೆ ಭದ್ರತೆಯ ಇಕ್ಕಟ್ಟು ಅಂತ ಹೆಸರು.

ಇವರೆಲ್ಲ ಮೂಲ ಪುರುಷ ಅಂತ ನೆನೆಯುವುದು ಗ್ರೀಕ್ ಇತಿಹಾಸಕಾರ ಥುಸಿಡಿಡೀಸನನ್ನು. ಅಥೆನ್ಸ್ ಮತ್ತು ಸ್ಪಾರ್ಟಾ ನಡುವೆ ಕ್ರಿ.ಪೂ. 431ರಿಂದ 404ರವರೆಗೆ ಯುದ್ಧ ನಡೆಯಿತು. ಅಥೆನ್ಸ್ ಬೆಳೆಯಿತು, ಸ್ಪಾರ್ಟಾ ಹೆದರಿತು, ಯುದ್ಧ ತಪ್ಪಲಿಲ್ಲ ಅಂತ ಅವನು ಬರೆದ. ಮೀಲೊಸ್ ಎಂಬ ಪುಟ್ಟ ದ್ವೀಪದ ಕತೆಯೂ ಅವನದೇ. ನಾವು ಯಾರ ಪಕ್ಷವೂ ಅಲ್ಲ, ನಮ್ಮನ್ನು ಬಿಟ್ಟುಬಿಡಿ ಅಂತ ಮೀಲೊಸಿನವರು ಕೇಳಿಕೊಂಡರು. ಬಲ ಇದ್ದವರು ತಮ್ಮಿಂದ ಆಗುವುದನ್ನು ಮಾಡುತ್ತಾರೆ, ಇಲ್ಲದವರು ಅನುಭವಿಸುತ್ತಾರೆ ಎಂದರು ಅಥೆನ್ಸಿನವರು. ಊರಿನ ಗಂಡಸರನ್ನು ಕೊಂದರು, ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿದರು. ನಮ್ಮಲ್ಲಿ ಬಡವನ ಕೋಪ ದವಡೆಗೆ ಮೂಲ ಅನ್ನುವುದೂ ಇದೇ ಜಾತಿಯ ಮಾತು.

ಪಾಠ ಮಾಡುವಾಗ ಒಂದು ವಿಷಯ ಸೇರಿಸುತ್ತೇನೆ. ಮೀಲೊಸನ್ನು ತುಳಿದ ಅದೇ ಅಥೆನ್ಸ್ ಕೊನೆಗೆ ಸೋತಿತು.

ನ್ಯಾಟೊದಿಂದಲೇ ಯುದ್ಧ ಆಗಿದ್ದು ಅಂತ ಒಬ್ಬ ಪ್ರೊಫೆಸರ್ ಮೊದಲೇ ಹೇಳಿದ್ದರಂತೆ. ಆ ವಿಡಿಯೊ ಎಲ್ಲ ಗ್ರೂಪಿನಲ್ಲೂ ಬಂದಿತ್ತು.

ನನಗೂ ಬಂದಿತ್ತು, ಏಳೆಂಟು ಸಲ. ಅವರು ಶಿಕಾಗೊ ವಿಶ್ವವಿದ್ಯಾಲಯದ ಜಾನ್ ಮಿಯರ್‌ಶೈಮರ್. 2008ರ ಏಪ್ರಿಲ್‌ನಲ್ಲಿ ಬುಖಾರೆಸ್ಟ್ ಸಮಾವೇಶದಲ್ಲಿ ನ್ಯಾಟೊ (ಅಮೆರಿಕ ಮತ್ತು ಯುರೋಪಿನ ದೇಶಗಳ ಸೈನಿಕ ಕೂಟ) 'ಉಕ್ರೇನ್ ಮತ್ತು ಜಾರ್ಜಿಯಾ ಮುಂದೆ ನಮ್ಮ ಸದಸ್ಯರಾಗುತ್ತಾರೆ' ಅಂತ ಘೋಷಿಸಿತು. ಯಾವಾಗ ಅಂತ ಹೇಳಲಿಲ್ಲ. ಅಂದರೆ ರಷ್ಯಾವನ್ನು ಕೆರಳಿಸಿದ್ದೂ ಆಯಿತು, ಉಕ್ರೇನಿಗೆ ರಕ್ಷಣೆ ಕೊಟ್ಟಿದ್ದೂ ಇಲ್ಲ. ದೊಡ್ಡ ಶಕ್ತಿಯ ಹೊಸ್ತಿಲಿಗೆ ಇನ್ನೊಂದು ಸೈನಿಕ ಕೂಟ ಬಂದರೆ ಅದು ಸುಮ್ನೆ ಕೂರುವುದಿಲ್ಲ ಅನ್ನುವುದು ಮಿಯರ್‌ಶೈಮರ್ ವಾದ. 2014ರಲ್ಲಿ ರಷ್ಯಾ ಉಕ್ರೇನಿನ ಕ್ರಿಮಿಯಾವನ್ನು ಕಸಿದುಕೊಂಡಾಗಲೇ ತಪ್ಪು ಪಶ್ಚಿಮದ್ದು ಅಂತ ಅವರು ಬರೆದರು.

ವಿಡಿಯೊ ಕಳಿಸುವವರು ಹೇಳದ ಭಾಗ ಇದು. ಪುಟಿನ್ ಇಡೀ ಉಕ್ರೇನನ್ನು ಗೆಲ್ಲಲು ಹೋಗುವಷ್ಟು ದಡ್ಡರಲ್ಲ ಅಂತಲೂ ಅದೇ ಮಿಯರ್‌ಶೈಮರ್ 2015ರ ಭಾಷಣದಲ್ಲಿ ಹೇಳಿದ್ದರು. ಇನ್ನೂ ಹಿಂದೆ, 1993ರಲ್ಲಿ, ಉಕ್ರೇನ್ ತನ್ನ ಬಳಿ ಇರುವ ಅಣ್ವಸ್ತ್ರಗಳನ್ನು ಬಿಟ್ಟುಕೊಡಬಾರದು, ಇಲ್ಲದಿದ್ದರೆ ರಷ್ಯಾದಿಂದ ಅಪಾಯ ತಪ್ಪಿದ್ದಲ್ಲ ಅಂತ ಬರೆದಿದ್ದರು. ಸೋವಿಯತ್ ಒಡೆದಾಗ ಉಕ್ರೇನಿನ ನೆಲದಲ್ಲಿ ಉಳಿದದ್ದು ಜಗತ್ತಿನ ಮೂರನೇ ದೊಡ್ಡ ಅಣ್ವಸ್ತ್ರ ಸಂಗ್ರಹ. 1994ರ ಡಿಸೆಂಬರ್ 5ರ ಬುಡಾಪೆಸ್ಟ್ ಒಪ್ಪಂದದಲ್ಲಿ ರಷ್ಯಾ, ಅಮೆರಿಕ, ಬ್ರಿಟನ್ ಮೂರೂ ನಿಮ್ಮ ಗಡಿಯನ್ನು ಗೌರವಿಸುತ್ತೇವೆ ಅಂತ ಮಾತು ಕೊಟ್ಟವು. ಉಕ್ರೇನ್ ಎಲ್ಲವನ್ನೂ ಕೊಟ್ಟುಬಿಟ್ಟಿತು.

ಇನ್ನೊಂದು ತೊಡಕು ಫಿನ್ಲೆಂಡ್. ರಷ್ಯಾದ ಜೊತೆ 1,300 ಕಿಲೋಮೀಟರಿಗೂ ಜಾಸ್ತಿ ಗಡಿ ಇರುವ ದೇಶ. 2023ರ ಏಪ್ರಿಲ್ 4ರಂದು ನ್ಯಾಟೊ ಸೇರಿತು. ಮುಂದಿನ ವರ್ಷ ಸ್ವೀಡನ್ ಸೇರಿತು. ರಷ್ಯಾ ಗೊಣಗಿತು, ದಂಡೆತ್ತಿ ಹೋಗಲಿಲ್ಲ. ನ್ಯಾಟೊ ಹತ್ತಿರ ಬಂದಿದ್ದೊಂದೇ ಕಾರಣ ಆಗಿದ್ದರೆ ಇದು ಹೇಗೆ? ನನಗೆ ಮಿಯರ್‌ಶೈಮರ್ ವಾದ ಅರ್ಧ ಒಪ್ಪಿಗೆ. ಇನ್ನರ್ಧ ಏನು ಅಂತ ಮುಂದೆ ಬರುತ್ತದೆ.

ವ್ಯಾಪಾರ ಜಾಸ್ತಿಯಾದರೆ ಯುದ್ಧ ನಿಲ್ಲುತ್ತದೆ ಅನ್ನುತ್ತಾರಲ್ಲ?

ಇದು ಉದಾರವಾದಿಗಳ ಹಳೆಯ ನಂಬಿಕೆ. ದೇಶಗಳು ಒಂದಕ್ಕೊಂದು ಇಷ್ಟು ಹೆಣೆದುಕೊಂಡಿರುವಾಗ ಗೆದ್ದವನಿಗೂ ನಷ್ಟವೇ ಅಂತ ಬ್ರಿಟನ್ನಿನ ಲೇಖಕ ನಾರ್ಮನ್ ಏಂಜಲ್ 1910ರ ಹೊತ್ತಿಗೇ ವಾದಿಸಿದ್ದರು. ನಾಲ್ಕು ವರ್ಷಕ್ಕೆ ಮಹಾಯುದ್ಧ ಬಂತು. ಜನ ಅವರನ್ನು ಆಡಿಕೊಳ್ಳುತ್ತಾರೆ, ಆದರೆ ಯುದ್ಧ ಆಗುವುದೇ ಇಲ್ಲ ಅಂತ ಅವರು ಹೇಳಿರಲಿಲ್ಲ, ಯುದ್ಧದಿಂದ ಲಾಭ ಇಲ್ಲ ಅಂದಿದ್ದರು. ನಿಜವೂ ಆಯಿತು. 1933ರ ಶಾಂತಿ ನೊಬೆಲ್ ಅವರಿಗೆ ಬಂತು. ಜರ್ಮನಿ ದಶಕಗಟ್ಟಲೆ ರಷ್ಯಾದಿಂದ ಕೊಳವೆಯಲ್ಲಿ ಗ್ಯಾಸ್ ತರಿಸಿಕೊಂಡದ್ದರ ಹಿಂದೆಯೂ ಇದೇ ನಂಬಿಕೆ ಇತ್ತು.

ಪ್ರಜಾಪ್ರಭುತ್ವಗಳು ತಮ್ಮತಮ್ಮಲ್ಲಿ ಯುದ್ಧ ಮಾಡುವುದಿಲ್ಲ ಅನ್ನುವುದು ಇವರ ಇನ್ನೊಂದು ಮಾತು. ಅಂಕಿಅಂಶ ಬಹುಮಟ್ಟಿಗೆ ಹೌದು ಅನ್ನುತ್ತದೆ. 1999ರ ಕಾರ್ಗಿಲ್ ಇದಕ್ಕೆ ಅಡ್ಡ ಬರುತ್ತದೆ. ಆಗ ಎರಡೂ ಕಡೆ ಚುನಾಯಿತ ಸರ್ಕಾರವೇ ಇತ್ತು. ಆದರೆ ಪಾಕಿಸ್ತಾನದಲ್ಲಿ ತೀರ್ಮಾನ ಯಾರ ಕೈಯಲ್ಲಿತ್ತು ಅಂತ ಕೇಳಿದರೆ ಚರ್ಚೆ ಬೇರೆ ಕಡೆ ಹೋಗುತ್ತದೆ.

ಹಾಗಾದರೆ ಆ ಇನ್ನರ್ಧ ಏನು?

ಮನಸ್ಸಿನೊಳಗಿನ ಕತೆ. ಇದನ್ನು ಹಿಡಿಯುವವರು ಕನ್‌ಸ್ಟ್ರಕ್ಟಿವಿಸ್ಟರು. ಅಲೆಕ್ಸಾಂಡರ್ ವೆಂಟ್ ಎಂಬವರು 1990ರ ದಶಕದಲ್ಲಿ ಕೊಟ್ಟ ಉದಾಹರಣೆ ಕ್ಲಾಸಿನಲ್ಲಿ ಯಾವತ್ತೂ ಸೋಲುವುದಿಲ್ಲ: ಬ್ರಿಟನ್ನಿನ 500 ಅಣ್ವಸ್ತ್ರಕ್ಕೆ ಅಮೆರಿಕ ಹೆದರುವುದಿಲ್ಲ, ಉತ್ತರ ಕೊರಿಯಾದ 5ಕ್ಕೆ ಹೆದರುತ್ತದೆ. ಬಾಂಬ್ ಒಂದೇ. ಹಿಡಿದವನನ್ನು ನಾವು ಯಾರು ಅಂತ ತಿಳಿದಿದ್ದೇವೆ ಅನ್ನುವುದರ ಮೇಲೆ ಭಯ.

2021ರ ಜುಲೈನಲ್ಲಿ ಪುಟಿನ್ ಒಂದು ಉದ್ದ ಲೇಖನ ಬರೆದರು. ರಷ್ಯನ್ನರು, ಉಕ್ರೇನಿಯನ್ನರು ಒಂದೇ ಜನ ಅನ್ನುವುದು ಅದರ ತಿರುಳು. ಅದನ್ನು ಓದಿದರೆ ಕ್ಷಿಪಣಿ, ಗಡಿಗಿಂತ ಒಡಹುಟ್ಟಿದವನು ಮನೆ ಬಿಟ್ಟು ಹೋದ ಸಿಟ್ಟು ಜಾಸ್ತಿ ಕಾಣುತ್ತದೆ. ಫಿನ್ಲೆಂಡಿನ ಬಗ್ಗೆ ಆ ಕತೆ ಪುಟಿನ್‌ಗೆ ಇಲ್ಲ. ಫಿನ್ಲೆಂಡಿಗೂ ಉಕ್ರೇನಿಗೂ ಇರುವ ವ್ಯತ್ಯಾಸ ನನ್ನ ಮಟ್ಟಿಗೆ ಇಲ್ಲಿದೆ.

ಇಬ್ಬರಿಗೂ ನಷ್ಟ ಅಂತ ಗೊತ್ತಿದ್ದೂ ಯಾಕೆ ಹೊಡೆದಾಡುತ್ತಾರೆ?

ಅಣ್ಣ ತಮ್ಮ ಎರಡು ಎಕರೆ ಜಮೀನಿಗೆ ಕೋರ್ಟ್ ಹತ್ತುವುದನ್ನು ನೋಡಿಲ್ಲವೇ? ಇಪ್ಪತ್ತು ವರ್ಷ ಅಲೆಯುತ್ತಾರೆ. ವಕೀಲರ ಫೀಸು ಜಮೀನಿನ ಬೆಲೆ ದಾಟುತ್ತದೆ. ಮೊದಲ ದಿನವೇ ಕಟ್ಟೆ ಮೇಲೆ ಕೂತು ಹಂಚಿಕೊಂಡಿದ್ದರೆ ಇಬ್ಬರಿಗೂ ಲಾಭ ಇತ್ತು. ಅಮೆರಿಕದ ವಿದ್ವಾಂಸ ಜೇಮ್ಸ್ ಫಿಯರನ್ 1995ರಲ್ಲಿ ಇದೇ ಒಗಟನ್ನು ಯುದ್ಧಕ್ಕೆ ಅನ್ವಯಿಸಿದರು. ಯುದ್ಧ ಅಂದರೆ ಚೌಕಾಶಿ ಮುರಿದುಬಿದ್ದದ್ದು. ಮುರಿಯುವುದು ಯಾಕೆ? ಎದುರಾಳಿಯ ನಿಜವಾದ ಬಲ ಗೊತ್ತಾಗುವುದಿಲ್ಲ, ಎಲ್ಲರೂ ಜಾಸ್ತಿಯೇ ತೋರಿಸುತ್ತಾರೆ. ಇವತ್ತು ಒಪ್ಪಿದವನು ನಾಳೆ ಬಲ ಬಂದ ಮೇಲೆ ಮಾತು ಉಳಿಸಿಕೊಳ್ಳುತ್ತಾನೆ ಅನ್ನುವ ಭರವಸೆ ಇರುವುದಿಲ್ಲ. ಇನ್ನು ಕೆಲವು ವಸ್ತುಗಳನ್ನು ಪಾಲು ಮಾಡಲು ಆಗುವುದಿಲ್ಲ, ಅಮ್ಮನ ಮಾಂಗಲ್ಯದ ಹಾಗೆ.

ಬುಡಾಪೆಸ್ಟ್ ಒಪ್ಪಂದ ನೆನಪಿದೆಯಲ್ಲ? ಆ ಎರಡನೇ ಕಾರಣಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಉಕ್ರೇನ್ ಈಗ ಕದನವಿರಾಮದ ಮಾತು ಬಂದಾಗಲೆಲ್ಲ ಗ್ಯಾರಂಟಿ ಯಾರು ಕೊಡುತ್ತೀರಿ ಅಂತ ಕೇಳುವುದು ಇದಕ್ಕೇ.

ಎಲ್ಲ ಪಶ್ಚಿಮದವರದ್ದೇ ಆಯಿತು. ನಮ್ಮ ಕೌಟಿಲ್ಯ?

ಅರ್ಥಶಾಸ್ತ್ರದ ತಾಳೆಗರಿ ಹಸ್ತಪ್ರತಿಯನ್ನು ಲೋಕಕ್ಕೆ ಕೊಟ್ಟದ್ದೇ ಮೈಸೂರು. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಗ್ರಂಥಲಿಪಿಯ ಗರಿಗಳನ್ನು ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿದರು. 1909ರಲ್ಲಿ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಬಂತು. ಅದಕ್ಕೆ ಮೊದಲು ಪುಸ್ತಕ ಕಳೆದೇಹೋಗಿದೆ ಅಂದುಕೊಂಡಿದ್ದರು.

ಪಕ್ಕದ ರಾಜ ಶತ್ರು, ಅವನಾಚೆಯ ರಾಜ ಮಿತ್ರ ಅನ್ನುವ ಮಂಡಲದ ಲೆಕ್ಕ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಇಷ್ಟ ಷಾಡ್ಗುಣ್ಯ, ಅಂದರೆ ರಾಜನ ಮುಂದಿರುವ ಆರು ದಾರಿ: ಸಂಧಿ (ಒಪ್ಪಂದ), ವಿಗ್ರಹ (ಹಗೆ), ಆಸನ, ಯಾನ (ದಂಡೆತ್ತಿ ಹೋಗುವುದು), ಸಂಶ್ರಯ (ಬಲವಂತನ ಆಶ್ರಯ), ದ್ವೈಧೀಭಾವ. ಆಸನ ಅಂದರೆ ಕದಲದೆ ಕೂರುವುದು. ಮಹಾಸಭೆಯಲ್ಲಿ ಮತ ಹಾಕದೆ ಕೂತ ಆ 35 ದೇಶಗಳನ್ನು ಕೌಟಿಲ್ಯ ನೋಡಿದ್ದರೆ ಆಶ್ಚರ್ಯಪಡುತ್ತಿರಲಿಲ್ಲ. ದ್ವೈಧೀಭಾವ ಅಂದರೆ ಒಬ್ಬನ ಜೊತೆ ಸಂಧಿ, ಇನ್ನೊಬ್ಬನ ಜೊತೆ ಹಗೆ. ಒಂದು ಎಚ್ಚರ: ಇದು ರಾಜ್ಯ ಬೆಳೆಸಲು ಹೊರಟ ವಿಜಿಗೀಷುವಿನ ಕೈಪಿಡಿ. ಭಾಷಣಕಾರರು ಇದನ್ನು ಶಾಂತಿಮಂತ್ರ ಮಾಡಿಬಿಡುತ್ತಾರೆ.

ಯುದ್ಧಗಳೆಲ್ಲ ಕೊನೆಗೆ ಧರ್ಮದ್ದೇ, ನಾಗರಿಕತೆಯದ್ದೇ ಅಲ್ಲವೇ?

ಅಮೆರಿಕದ ವಿದ್ವಾಂಸ ಸ್ಯಾಮ್ಯುಯೆಲ್ ಹಂಟಿಂಗ್ಟನ್ 1993ರಲ್ಲಿ ಮುಂದಿನ ಸಂಘರ್ಷ ನಾಗರಿಕತೆಗಳ ನಡುವೆ ಅಂದರು. ಅವರ ನಕ್ಷೆಯಲ್ಲಿ ರಷ್ಯಾ ಆರ್ಥಡಾಕ್ಸ್ ನಾಗರಿಕತೆ. ಉಕ್ರೇನಿನಲ್ಲೂ ಹೆಚ್ಚಿನವರು ಆರ್ಥಡಾಕ್ಸ್ ಕ್ರೈಸ್ತರೇ. ಎರಡನೇ ಮಹಾಯುದ್ಧದ ನಂತರ ಯುರೋಪಿನ ಅತಿ ದೊಡ್ಡ ಯುದ್ಧ ಅವರ ನಡುವೆಯೇ ನಡೆಯಿತು.

ನಾನು ಇದಕ್ಕೆ ತಾಳಿಕೋಟೆಗೆ ಹೋಗುತ್ತೇನೆ. 1565ರ ಜನವರಿ. ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರಿನ ಸುಲ್ತಾನರು ಒಟ್ಟಾಗಿ ವಿಜಯನಗರವನ್ನು ಮುರಿದರು. ಶಾಲೆಯಲ್ಲಿ ನಾವು ಕಲಿತದ್ದು ಹಿಂದೂ ಮುಸ್ಲಿಂ ಯುದ್ಧ ಅಂತ. ಹತ್ತಿರ ಹೋಗಿ ನೋಡಿ. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಾ ಪಟ್ಟಕ್ಕೆ ಬರುವ ಮೊದಲು ಏಳು ವರ್ಷ ವಿಜಯನಗರದಲ್ಲೇ ಆಶ್ರಯ ಪಡೆದಿದ್ದ, ಆಗ ವಿಜಯನಗರದ ಆಡಳಿತ ನಡೆಸುತ್ತಿದ್ದ ಅದೇ ರಾಮರಾಯನ ನೆರಳಲ್ಲಿ. ಬಿಜಾಪುರದ ಅಲಿ ಆದಿಲ್ ಷಾ ರಾಮರಾಯನನ್ನು ಜೊತೆಗೆ ಕರೆದುಕೊಂಡು ಅಹಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದ. ರಾಮರಾಯ ಇವತ್ತು ಇವನ ಕಡೆ, ನಾಳೆ ಅವನ ಕಡೆ ನಿಂತು ಎಲ್ಲರಿಗಿಂತ ದೊಡ್ಡವನಾದ. ದೊಡ್ಡವನಾದದ್ದೇ ತೊಂದರೆ. ಹಗೆಗಳಾಗಿದ್ದ ಬಿಜಾಪುರ ಮತ್ತು ಅಹಮದ್‌ನಗರ ಮದುವೆ ಸಂಬಂಧ ಮಾಡಿಕೊಂಡವು. ಅಹಮದ್‌ನಗರದ ರಾಜಕುಮಾರಿ ಚಾಂದ್ ಬೀಬಿ ಬಿಜಾಪುರಕ್ಕೆ ಸೊಸೆಯಾಗಿ ಬಂದಳು, ಜಗಳದ ಮೂಲವಾಗಿದ್ದ ಸೊಲ್ಲಾಪುರ ಕೋಟೆ ವರದಕ್ಷಿಣೆಯಾಗಿ ಬಂತು. ಬಲ ಒಂದೇ ಕಡೆ ವಾಲಿದರೆ ಉಳಿದವರು ಸೇರಿಕೊಳ್ಳುತ್ತಾರೆ ಅನ್ನುವ ಬಲ ಸಮತೋಲನದ ಪಾಠಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ನನಗೆ ಯುರೋಪಿನಲ್ಲೂ ಸಿಕ್ಕಿಲ್ಲ. ಗೆದ್ದ ಮೇಲೆ ಸುಲ್ತಾನರು ಮತ್ತೆ ತಮ್ಮತಮ್ಮಲ್ಲೇ ಹೊಡೆದಾಡಿದರು.

ಧರ್ಮ ಅಲ್ಲಿ ಇರಲೇ ಇಲ್ಲ ಅಂತಲ್ಲ. ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಷ್ತಾನ ಬರಹದಲ್ಲಿ ಮಸೀದಿಗಳಿಗೆ ಆದ ಅವಮಾನದ ಮಾತು ಬರುತ್ತದೆ. ಸೈನ್ಯ ಸೇರಿಸಲು ಆ ಮಾತು ಬೇಕಾಗುತ್ತದೆ. ಹೊಡೆದಾಟ ಶುರುವಾಗುವುದಕ್ಕೂ ಜನರನ್ನು ಹುರಿದುಂಬಿಸುವುದಕ್ಕೂ ಬೇಕಾಗುವ ಕಾರಣಗಳು ಒಂದೇ ಇರಬೇಕಿಲ್ಲ.

ಲೋಕದ ವ್ಯವಸ್ಥೆ ಬದಲಾಗುತ್ತಿದೆ ಅಂದರೆ ಏನು?

1945ರ ನಂತರ ಎರಡು ಕಂಬ: ಅಮೆರಿಕ, ಸೋವಿಯತ್. 1991ರಲ್ಲಿ ಒಂದು ಬಿತ್ತು. ಅಮೆರಿಕ ಒಂದೇ ಉಳಿಯಿತು. ಈಗ ಚೀನಾ ಎದ್ದಿದೆ. ಮುಂದಿನದು ಎರಡು ಕಂಬವೋ ಹಲವು ಕಂಬವೋ ಅನ್ನುವುದರಲ್ಲಿ ಜಗಳ. ಎರಡಿದ್ದರೆ ಲೆಕ್ಕ ಸುಲಭ, ಹಾಗಾಗಿ ಶಾಂತಿ ಜಾಸ್ತಿ ಅಂತ ವಾಲ್ಟ್ಜ್. ಹಲವರಿದ್ದರೆ ಯಾರ ಮೇಲೂ ಪೂರ್ತಿ ಗಮನ ಇರುವುದಿಲ್ಲ, ಅದೇ ಒಳ್ಳೆಯದು ಅಂತ ಇನ್ನು ಕೆಲವರು. ಒಡಿಶಾ ಮೂಲದ ವಿದ್ವಾಂಸ ಅಮಿತಾವ್ ಆಚಾರ್ಯ ಮಲ್ಟಿಪ್ಲೆಕ್ಸ್ ಥಿಯೇಟರಿನ ಹೋಲಿಕೆ ಕೊಡುತ್ತಾರೆ: ಒಂದೇ ಸೂರಿನ ಕೆಳಗೆ ಹಲವು ಪರದೆ, ಬೇರೆ ಬೇರೆ ನಿರ್ದೇಶಕರು, ನಿಮಗೆ ಬೇಕಾದ್ದು ನೋಡಿ.

ಏಳುವವನು ಇಳಿಯುವವನನ್ನು ದಾಟುವ ಹೊತ್ತು ಅಪಾಯದ್ದು ಅಂತ ಹಾರ್ವರ್ಡಿನ ಗ್ರಹಾಂ ಆಲಿಸನ್. 500 ವರ್ಷದ 16 ಪ್ರಸಂಗಗಳಲ್ಲಿ 12 ಯುದ್ಧದಲ್ಲಿ ಮುಗಿದವು ಅನ್ನುವುದು ಅವರ ಲೆಕ್ಕ. ಥುಸಿಡಿಡೀಸನ ಬೋನು ಅಂತ ಇದಕ್ಕೆ ಹೆಸರು. ಯಾವ ಪ್ರಸಂಗ ಸೇರಿಸಬೇಕು, ಯಾವುದು ಬಿಡಬೇಕು ಅಂತ ತೀರ್ಮಾನಿಸಿದವರೂ ಅವರೇ ಅನ್ನುವುದು ಟೀಕೆ. 2015ರಲ್ಲಿ ಸಿಯಾಟಲ್‌ಗೆ ಬಂದ ಷಿ ಜಿನ್‌ಪಿಂಗ್ ಅಂಥ ಬೋನೇ ಇಲ್ಲ ಅಂದರು, ಆದರೆ ದೊಡ್ಡ ದೇಶಗಳು ಲೆಕ್ಕ ತಪ್ಪಿದರೆ ತಾವೇ ಕಟ್ಟಿಕೊಳ್ಳಬಹುದು ಅಂತಲೂ ಸೇರಿಸಿದರು.

ವ್ಯವಸ್ಥೆ ಸವೆಯುವುದು ಸದ್ದಿಲ್ಲದೆ ಕೂಡ ಆಗುತ್ತದೆ. ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಪೀಠ 2019ರ ಡಿಸೆಂಬರ್‌ನಿಂದ ಕೆಲಸ ಮಾಡುತ್ತಿಲ್ಲ. ಹೊಸ ಸದಸ್ಯರ ನೇಮಕಕ್ಕೆ ಅಮೆರಿಕವೇ ಅಡ್ಡ ನಿಂತಿತು. ಆ ಮನೆ ಕಟ್ಟುವಾಗ ಮುಂದೆ ನಿಂತಿದ್ದವರೂ ಅವರೇ.

ಭಾರತ ಗೋಡೆ ಮೇಲೆ ಕೂತಿದೆಯಾ?

ಕೂತಿದೆ, ಮತ್ತು ಬೇಕಂತಲೇ ಕೂತಿದೆ. ಯುದ್ಧಕ್ಕೆ ಮೊದಲು ನಾವು ತರಿಸುವ ಕಚ್ಚಾ ತೈಲದಲ್ಲಿ ರಷ್ಯಾದ ಪಾಲು ನೂರಕ್ಕೆ 2 ಕೂಡ ಇರಲಿಲ್ಲ. ಎರಡು ವರ್ಷದೊಳಗೆ ಮೂರನೇ ಒಂದು ಭಾಗ ದಾಟಿತು. ಶಸ್ತ್ರಾಸ್ತ್ರದಲ್ಲಿ ಉಲ್ಟಾ: ಸ್ವೀಡನ್ನಿನ ಸಂಶೋಧನಾ ಸಂಸ್ಥೆ ಸಿಪ್ರಿಯ ಲೆಕ್ಕದಂತೆ ನಮ್ಮ ಆಮದಿನಲ್ಲಿ ರಷ್ಯಾದ ಪಾಲು 2010ರಿಂದ 14ರ ಅವಧಿಯಲ್ಲಿ ನೂರಕ್ಕೆ 72 ಇದ್ದದ್ದು 2020ರಿಂದ 24ರಲ್ಲಿ 36ಕ್ಕೆ ಇಳಿಯಿತು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಜೋಡಿಸುವ ತೇಜಸ್ ವಿಮಾನದ ಇಂಜಿನ್ ಅಮೆರಿಕದ್ದು. ಪುಟಿನ್ ಎದುರಿಗೇ 2022ರ ಸೆಪ್ಟೆಂಬರ್‌ನಲ್ಲಿ ಸಮರ್‌ಕಂಡ್‌ನಲ್ಲಿ ಇದು ಯುದ್ಧದ ಕಾಲವಲ್ಲ ಅಂದವರೂ ನಮ್ಮ ಪ್ರಧಾನಿಯೇ. ಇದು ಜಾಣತನ ಅನ್ನುವವರಿದ್ದಾರೆ, ಅವಕಾಶವಾದ ಅನ್ನುವವರಿದ್ದಾರೆ. ನನ್ನ ಅನುಮಾನ ಬೇರೆ. ಗೋಡೆ ಮೇಲೆ ಕೂರಬಹುದು, ಆದರೆ ಎರಡೂ ಮನೆಯವರು ಗೋಡೆ ಉಳಿಸಿಕೊಂಡಿರುವವರೆಗೆ ಮಾತ್ರ.

ಇದರಿಂದ ನಮಗೇನು?

2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಸತ್ತ ವೈದ್ಯಕೀಯ ವಿದ್ಯಾರ್ಥಿ ಉತ್ತರ ಕರ್ನಾಟಕದ ಹುಡುಗ. ಆ ವಾರ ನಮ್ಮ ಅಡುಗೆ ಎಣ್ಣೆಯ ಬೆಲೆಯೂ ಏರಿತು. ಭಾರತಕ್ಕೆ ಬರುವ ಸೂರ್ಯಕಾಂತಿ ಎಣ್ಣೆಯ ಹೆಚ್ಚಿನ ಪಾಲು ಉಕ್ರೇನ್, ರಷ್ಯಾಗಳದ್ದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಲು ಸಂಕೋಚ ಆಗುತ್ತದೆ.

ಮೂರನೇ ಮಹಾಯುದ್ಧ ಆಗುತ್ತದಾ?

ಜ್ಯೋತಿಷ್ಯ ನನಗೆ ಬರುವುದಿಲ್ಲ.

ಹೋಗಲಿ, ನೀವು ಹೇಳಿದ ಭವಿಷ್ಯ ಯಾವಾಗಲಾದರೂ ನಿಜ ಆಗಿದೆಯಾ?

2022ರ ಫೆಬ್ರವರಿ 23, ಬುಧವಾರ. ಗಡಿಯಲ್ಲಿ ರಷ್ಯಾದ ಒಂದೂವರೆ ಲಕ್ಷಕ್ಕೂ ಜಾಸ್ತಿ ಸೈನಿಕರಿದ್ದರು. ಫೈನಲ್ ಇಯರ್ ಮಕ್ಕಳಿಗೆ ಫಿಯರನ್ ಪಾಠ ಮಾಡುತ್ತಿದ್ದೆ. ಯುದ್ಧ ಇಬ್ಬರಿಗೂ ದುಬಾರಿ, ಸೈನ್ಯ ತಂದು ನಿಲ್ಲಿಸಿದ್ದು ಬೆದರಿಸಿ ಒಳ್ಳೆಯ ರೇಟು ಪಡೆಯಲು, ನುಗ್ಗುವುದಿಲ್ಲ ಅಂದೆ. ಬೋರ್ಡಿನ ಮೇಲೆ 'ಚೌಕಾಶಿ' ಅಂತ ದಪ್ಪಗೆ ಬರೆದು ಎರಡು ಸಲ ಅಡಿಗೆರೆ ಎಳೆದೆ. ಮರುದಿನ ಬೆಳಿಗ್ಗೆ ತಿಂಡಿ ತಿನ್ನುವಾಗ ಸುದ್ದಿ ಬಂತು. ಕ್ಲಾಸಿಗೆ ಹೋದರೆ ಬೋರ್ಡ್ ಹಾಗೇ ಇತ್ತು, ಯಾರೂ ಒರೆಸಿರಲಿಲ್ಲ. ಮುಂದಿನ ಬೆಂಚಿನ ಹುಡುಗಿ ಡಸ್ಟರ್ ಹಿಡಿದು ಎದ್ದು ನಿಂತು, 'ಸರ್, ಇದನ್ನ ಒರೆಸಬೇಕಾ, ಇರಲಾ?' ಅಂದಳು.

ಇರಲಿ ಅಂದೆ. ಆ ದಿನದ ಪಾಠವನ್ನು ಅದರ ಪಕ್ಕದಲ್ಲೇ ಬರೆದೆ.